ಮಂಗನಿಗೆ ಮಣ್ಣು

ಮಟ್ಟಾಂಚೇರಿ, ಕೊಚ್ಚಿ
೬ ಡಿಸೆಂಬರ್ ೧೯೭೦

ಪ್ರೀತಿಯ ಕೃಷ್ಣ,

ಕೊನೆಗೂ ನಿನ್ನ ಹೆಂಡತಿಯೇ ಗೆದ್ದಳು. "ಇಲ್ಲಿ ಕನ್ನಡದಲ್ಲಿ ಜಗಳವಾಡುವುದಕ್ಕೂ ಒಬ್ಬರಿಲ್ಲ, ಅತ್ತೆಯನ್ನು ಕಳಿಸಿಕೊಡಿ ಅತ್ತಿಗೆ" ಎಂದು ಸುಮಿತ್ರ ಬರೆದದ್ದೇ ತಡ, ಅಮ್ಮ ಗಂಟುಮೂಟೆ ಕಟ್ಟಲು ಶುರುಮಾಡಿದಳು. ಮುಂದಿನ ಭಾನುವಾರ ರೈಲು ಹತ್ತಿಸುತ್ತೇನೆ. ತಿರುವನಂತಪುರದಲ್ಲಿ ನೀನೇ ಬಂದು ಇಳಿಸಿಕೋ, ಜವಾನನನ್ನು ಕಳಿಸಬೇಡ. ನಾನು ಬೆಳಗ್ಗೆ ದೋಣಿ ಹತ್ತಿ ಐಲೆಂಡಿನ ಕಸ್ಟಮ್ಸ್ ಕಚೇರಿಗೆ ಹೋದರೆ ಬರುವುದು ಸಂಜೆಗೆ. ಅಷ್ಟು ಹೊತ್ತೂ ಅವಳು ಕೆಳಗಿನ ಗೋದಾಮಿನ ಮೆಣಸಿನ ಘಾಟಿಗೆ ಸೀನುತ್ತ ಒಬ್ಬಳೇ ಕೂತಿರುತ್ತಾಳೆ. ಅಲ್ಲಿಗೆ ಬಂದರೆ ನಾಲ್ಕು ಮಾತಾದರೂ ಆಡುತ್ತಾಳೆ.

ಒಂದು ವಿಷಯ ಮಾತ್ರ ನೆನಪಿಡು. ನಿನ್ನ ಪ್ರಯೋಗಶಾಲೆಗೆ ಹೋದ ತಿಂಗಳು ಮಂಗಗಳನ್ನು ತರಿಸಿದ್ದೀಯಲ್ಲ, ಅದು ಅಮ್ಮನ ಕಿವಿಗೆ ಬೀಳಬಾರದು. ಶನಿವಾರ ಒಪ್ಪೊತ್ತು ಉಪವಾಸವಿದ್ದು ಹನುಮಂತನಿಗೆ ದೀಪ ಹಚ್ಚುವವಳು ಅವಳು. ಮಗ ಮಂಗಗಳಿಗೆ ಸೂಜಿ ಚುಚ್ಚಿ ಜ್ವರ ಬರಿಸುತ್ತಾನೆ ಎಂದು ಗೊತ್ತಾದರೆ ನಿನ್ನ ಮನೆಯ ನೀರೂ ಮುಟ್ಟಲಾರಳು. ನೀನು ಇಲಿಗಳ ಮೇಲೆ ಕೆಲಸ ಮಾಡುತ್ತೀಯ ಎಂದೇ ಹೇಳಿಟ್ಟಿದ್ದೇನೆ. ಸುಮಿತ್ರಳಿಗೂ ಇನ್ನೂ ಹೇಳಿಲ್ಲ ಎಂದೆಯಲ್ಲ, ಹೇಳಲೇಬೇಡ. ಆ ಹುಡುಗಿಯ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ.

ನಿನ್ನ ಕೆಲಸದ ಬೆಲೆ ನನಗೆ ಗೊತ್ತಿಲ್ಲ ಎಂದುಕೊಳ್ಳಬೇಡ. ಸೊರಬದ ಕಾಡಿನಲ್ಲಿ ಅಪ್ಪ ಗಾರ್ಡ್ ಆಗಿದ್ದಾಗ ಮೂಗು ಬಾಯಲ್ಲಿ ರಕ್ತ ಕಾರಿ ಸತ್ತದ್ದು, ಯಾವ ಜ್ವರ ಎಂದು ಹೇಳುವವರು ಒಬ್ಬರೂ ಇಲ್ಲದೆ ಹೋದದ್ದು, ಅದೇ ತಿಂಗಳು ಅಮ್ಮನೂ ದುಃಖದಲ್ಲಿ ಜ್ವರ ಹಿಡಿದು ಮಲಗಿದ್ದು, ಎಲ್ಲ ನೆನಪಿದೆ. ಆಮೇಲೆ ಅದಕ್ಕೆ ಮಂಗನ ಕಾಯಿಲೆ ಎಂದು ಹೆಸರು ಬಂತು, ಔಷಧ ಮಾತ್ರ ಬರಲಿಲ್ಲ. ನೀನು ತರುತ್ತೀಯ ಎಂದು ನಾನು ನಂಬಿದ್ದೇನೆ. ಆದರೆ ಅಮ್ಮನ ಮುಂದೆ ಬಾಯಿ ಮುಚ್ಚಿಕೊಂಡಿರು.

ನಿನ್ನ ಅಕ್ಕ,
ವಿಜಯಾ


ತಿರುವನಂತಪುರ
೨೦ ಜನವರಿ ೧೯೭೧

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನೀನು ಕಳಿಸಿದ ಅಮ್ಮ ಈಗ ನಿನ್ನವಳೂ ಅಲ್ಲ, ನನ್ನವಳೂ ಅಲ್ಲ, ಪೂರ್ತಿ ಸುಮಿತ್ರಳ ಪಾಲಾಗಿದ್ದಾಳೆ. ಇಬ್ಬರೂ ಚಾಲೆ ಬಜಾರಿಗೆ ಹೋಗಿ ಕೈಸನ್ನೆಯಲ್ಲೇ ಚೌಕಾಸಿ ಮಾಡಿ ಬರುತ್ತಾರೆ. ಪಕ್ಕದ ಕ್ವಾರ್ಟರ್ಸಿನ ಮಲಯಾಳಿ ಚೇಚಿ ಅಮ್ಮನಿಗೆ ಕಪ್ಪ, ಅಂದರೆ ಮರಗೆಣಸು, ಬೇಯಿಸುವುದನ್ನು ಕಲಿಸಿದ್ದಾರೆ. ಅಮ್ಮನ ದೂರು ಒಂದೇ. "ಏನೋ ಕೃಷ್ಣ, ಇಷ್ಟೆಲ್ಲ ಮರ ಇದ್ದೂ ನಿಮ್ಮೂರಲ್ಲಿ ಒಂದು ಮಂಗ ಇಲ್ವಲ್ಲೋ, ಇದೆಂಥ ಊರು" ಎನ್ನುತ್ತಾಳೆ. ನಾನು ಅನ್ನಕ್ಕೆ ಸಾರು ಕಲಸುತ್ತ ಕೂತಿರುತ್ತೇನೆ.

ಅಕ್ಕ, ಇದನ್ನು ನಿನಗಲ್ಲದೆ ಯಾರಿಗೂ ಹೇಳುವಂತಿಲ್ಲ. ಸೋಮವಾರ ಪಂಜರ ತೊಳೆಯುವಾಗ ಒಂದು ಮಂಗ ತಪ್ಪಿಸಿಕೊಂಡು ಹೋಯಿತು. ಅವುಗಳಲ್ಲಿ ಕೆಲವಕ್ಕೆ ಮೊದಲು ನನ್ನ ಲಸಿಕೆ ಹಾಕಿ, ಉಳಿದವಕ್ಕೆ ಹಾಕದೆ, ಆಮೇಲೆ ಎಲ್ಲವುಗಳ ಮೈಗೂ ಜ್ವರ ಹೊತ್ತ ಉಣುಗು ಹುಳಗಳನ್ನು ಬಿಟ್ಟಿದ್ದೆ. ಲಸಿಕೆ ಹಾಕಿದವು ಬದುಕಿದರೆ ನಾನು ಗೆದ್ದಂತೆ. ಓಡಿಹೋದದ್ದು ಲಸಿಕೆ ಹಾಕಿದ್ದೇ, ಸೊಂಟದ ಬಿಲ್ಲೆಯ ನಂಬರಿನಿಂದ ಗೊತ್ತಾಯಿತು. ಆದ್ದರಿಂದ ಅದು ಎಲ್ಲೋ ಮರದ ಮೇಲೆ ಆರೋಗ್ಯವಾಗಿಯೇ ಇರುತ್ತದೆ ಎಂದು ನನ್ನ ನಂಬಿಕೆ. ಕಾಂಪೌಂಡೆಲ್ಲ ಹುಡುಕಿದೆವು, ಸಿಗಲಿಲ್ಲ. ನಮ್ಮ ಮುಖ್ಯಸ್ಥರು ಕರೆದು "ಜನ ಹೆದರುತ್ತಾರೆ, ಪತ್ರಿಕೆಯವರಿಗೆ ತಿಳಿದರೆ ವಿಭಾಗವನ್ನೇ ಮುಚ್ಚಿಸುತ್ತಾರೆ, ಮನೆಯಲ್ಲೂ ಬಾಯಿ ಬಿಡಬೇಡಿ" ಎಂದರು. ನನಗೂ ಅದೇ ಬೇಕಾಗಿತ್ತೋ ಏನೋ. ಹೇಗೂ ನಿನಗೆ ಮಾತು ಕೊಟ್ಟಿದ್ದೇನಲ್ಲ, ಮನೆಯಲ್ಲಿ ಹೇಳಿಲ್ಲ.

ಎರಡು ದಿನದಿಂದ ಸರಿಯಾಗಿ ಊಟ ಸೇರುತ್ತಿಲ್ಲ. ನೀನು ಚಿಂತೆ ಮಾಡಬೇಡ.

ನಿನ್ನ ತಮ್ಮ,
ಕೃಷ್ಣಾನಂದ


ತಿರುವನಂತಪುರ
೨೪ ಜನವರಿ ೧೯೭೧, ಭಾನುವಾರ

ಪ್ರೀತಿಯ ವಿಜಯತ್ತಿಗೆ,

ಈ ಕಾಗದ ಓದಿ ಹರಿದುಹಾಕಿ. ನಿಮ್ಮ ತಮ್ಮನಿಗೆ ಗೊತ್ತಾದರೆ ವರ್ಷವಿಡೀ ನಗೆಯಾಡುತ್ತಾರೆ. ಅದಕ್ಕಿಂತ ಹೆಚ್ಚಾಗಿ, ದೀಪಾವಳಿಗೆ ತೆಗೆದ ಅವರ ಹೊಸ ಪಂಚೆ ಎಲ್ಲಿ ಎಂದು ಕೇಳುತ್ತಾರೆ.

ನಿನ್ನೆ ಬೆಳಗ್ಗೆ ಹಿತ್ತಿಲಿಗೆ ಹೋದ ಅತ್ತೆ "ಸುಮಿತ್ರಾ, ಬಾರೇ ಇಲ್ಲಿ" ಎಂದು ಕೂಗಿದರು. ಅವರ ಧ್ವನಿ ಕೇಳಿ ಹಾವೇ ಇರಬೇಕೆಂದು ಕೋಲು ಹಿಡಿದು ಓಡಿದೆ. ಹಲಸಿನ ಬುಡದಲ್ಲಿ ಒಂದು ಮಂಗ ಸತ್ತು ಬಿದ್ದಿತ್ತು. ಪಾಪ, ಮಲಗಿದ ಮಗುವಿನ ಹಾಗೆ ಒಂದು ಕೈ ತಲೆಯಡಿ ಇಟ್ಟುಕೊಂಡಿತ್ತು. ಮೂಗಿನ ಹತ್ತಿರ ರಕ್ತ ಒಣಗಿತ್ತು. ಸೊಂಟದಲ್ಲಿ ತಗಡಿನ ಒಂದು ಬಿಲ್ಲೆ. "ಯಾರೋ ಆಡಿಸೋನ ಮಂಗ ಕಣೇ, ಹೊಡೆದು ಹೊಡೆದು ಓಡಿಸಿರ್ಬೇಕು ಪಾಪಿ. ಶನಿವಾರ ದಿನ ನಮ್ಮ ಬಾಗ್ಲಿಗೇ ಬಂದು ಪ್ರಾಣ ಬಿಟ್ಟಿದಾನೆ. ಹಂಗೇ ಬಿಟ್ರೆ ನಾಯಿ ಎಳೀತಾವೆ" ಎಂದು ಅತ್ತೆ ಅಲ್ಲೇ ಕೂತು ಅತ್ತರು.

ನಿಮ್ಮೂರ ಕಡೆ ಮಂಗ ಸತ್ತರೆ ಮನುಷ್ಯರಿಗೆ ಮಾಡಿದಂತೆಯೇ ಎಲ್ಲ ಮಾಡಿ ಮಣ್ಣು ಕೊಡುತ್ತಾರಂತಲ್ಲ. ಅತ್ತೆಗೆ ಸೊಂಟನೋವು, ಗುದ್ದಲಿ ಹಿಡಿಯುವುದು ಆಗದು. ಅದಕ್ಕೇ ನಾನೇ ಗುಂಡಿ ತೋಡಿದೆ. ಅತ್ತೆ ಬಿಸಿನೀರು ತಂದರು. ಮುಖದ ರಕ್ತವನ್ನು ನಾನು ನನ್ನ ಸೆರಗಿನಿಂದಲೇ ಒರೆಸಿದೆ, ಅರಿಸಿನ ಕುಂಕುಮ ಹಚ್ಚಿದೆ. ಹಳೇ ಬಟ್ಟೆ ಹೊದಿಸಬಾರದು ಎಂದರು, ಹಾಗಾಗಿ ಪಂಚೆ ಹೋಯಿತು. ತೊಡೆಯ ಮೇಲಿಟ್ಟುಕೊಂಡು ಪಂಚೆ ಸುತ್ತಿದೆ, ಎಷ್ಟು ಹಗುರ ಇತ್ತು ಗೊತ್ತಾ ಅತ್ತಿಗೆ. ಕೂರಿಸಿ ಮಣ್ಣು ಮುಚ್ಚಿ, ತುಂಬೆ ಹೂ ಇಟ್ಟು ಹಾಲು ಬಿಟ್ಟೆವು. ಚೇಚಿ ಬೇಲಿಯಾಚೆಯಿಂದ "ಎಂದಾ ಮೋಳೇ ಅವಿಡೆ?", ಅಲ್ಲೇನು ಮಗಳೇ, ಎಂದು ಕೇಳಿದರು. "ಬಾಳೆಗಿಡ ನೆಡುತ್ತಿದ್ದೇವೆ" ಎಂದುಬಿಟ್ಟೆ. ಅತ್ತೆ ಅಳುತ್ತಿದ್ದವರು ನಕ್ಕುಬಿಟ್ಟರು.

ಸ್ನಾನ ಮಾಡುವಾಗ ನೋಡಿದರೆ ತೋಳಿನಲ್ಲಿ ಎಳ್ಳಿನಷ್ಟು ಪುಟ್ಟ ಹುಳಗಳು ಕಚ್ಚಿಕೊಂಡಿವೆ. ಅತ್ತೆಯ ಕೈಯಲ್ಲೂ ಇದ್ದವು. ಇಬ್ಬರೂ ಕೂತು ಒಬ್ಬರಿಗೊಬ್ಬರು ಕಿತ್ತುಕೊಂಡೆವು. ತುರಿಕೆ ಬಿಟ್ಟರೆ ಏನಿಲ್ಲ.

ಇವತ್ತು ಅತ್ತೆ ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ನಿಂಗೆ ಈ ವರ್ಷ ಮಗು ಆಗತ್ತೆ ನೋಡು, ಮಾಡಿದ ಸೇವೆಯ ಋಣ ಹನುಮಂತ ಇಟ್ಕೊಳೋದಿಲ್ಲ" ಎಂದರು. ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ, ನಿಮಗೆ ಗೊತ್ತು. ಆದರೂ ಅವರು ಹೇಳಿದಾಗ ಅಳು ಬಂತು.

ನೀವು ಯಾವಾಗ ರಜೆ ಹಾಕಿ ಬರುತ್ತೀರಿ?

ನಿಮ್ಮ
ಸುಮಿತ್ರ


ಕೊಚ್ಚಿ
೨೭ ಜನವರಿ ೧೯೭೧

ಕೃಷ್ಣ,

ನಿನ್ನೆ ಅಂಚೆಗೆ ರಜೆ. ಸುಮಿತ್ರಳ ಕಾಗದ ಇವತ್ತು ಬೆಳಗ್ಗೆ ಕೈಗೆ ಬಂತು. ಮೊದಲರ್ಧ ನಗುತ್ತಲೇ ಓದಿದೆ. ಬಿಲ್ಲೆ ಎಂಬಲ್ಲಿಗೆ ಬಂದಾಗ ನಿನ್ನ ಕಾಗದ ತೆಗೆದು ಮತ್ತೊಮ್ಮೆ ಓದಿದೆ. ಕಚೇರಿಗೆ ಓಡಿ ನಿನಗೆ ಟ್ರಂಕ್ ಕಾಲ್ ಬುಕ್ ಮಾಡಿ, ಸಿಗುವವರೆಗೂ ಆ ಫೋನಿನ ಮುಂದೆ ನಿಂತಿದ್ದೆ. ನಾನು ಕಿರುಚಿ ಹೇಳಿದ್ದೆಲ್ಲ ನಿನಗೆ ಕೇಳಿಸಿತೋ ಇಲ್ಲವೋ ತಿಳಿಯದು. ಕೊನೆಗೆ ನೀನು, "ಅಕ್ಕ, ಆ ದಿನವೇ ಗೊತ್ತಾಗಿದ್ದರೂ ಮಾಡುವಂಥದ್ದು ಏನೂ ಇರಲಿಲ್ಲ" ಎಂದೆ.

ಅದೇ ಮಾತು ಬೆಳಗ್ಗಿನಿಂದ ಕಿವಿಯಲ್ಲಿ ಕೂತಿದೆ. ಇಷ್ಟು ವರ್ಷ ಓದಿದೆ, ಆ ರೋಗದ ಹುಟ್ಟುಬುಡ ಎಲ್ಲ ತಿಳಿದವನು ನೀನು. ಮನೆಯವರಿಗೇ ಬಂದರೆ ಮಾಡುವುದು ಏನೂ ಇಲ್ಲವೇ? ಬರಲೇಬೇಕೆಂದೇನೂ ಇಲ್ಲವಲ್ಲ. ಕಚ್ಚಿಸಿಕೊಂಡವರಿಗೆಲ್ಲ ಬರುವುದಿಲ್ಲ ಎಂದು ನೀನೇ ಹೇಳಿದ್ದೆ. ಬಂದವರಲ್ಲೂ ಹೆಚ್ಚಿನವರು ಏಳುತ್ತಾರೆ ಎಂದಿದ್ದೆ.

ಮಂಗದ ವಿಷಯ ಮುಚ್ಚಿಡು ಎಂದವಳು ನಾನೇ. ನನ್ನ ನಾಲಿಗೆ ಸೇದಿಹೋಗಲಿ. ದಿನಾ ಒಂದು ಗೆರೆ ಬರೆದು ಹಾಕು.

ವಿಜಯಾ


ತಿರುವನಂತಪುರ
೪ ಫೆಬ್ರವರಿ ೧೯೭೧

ಅಕ್ಕನಿಗೆ,

ಶುಕ್ರವಾರ ಸಂಜೆ ಸುಮಿತ್ರಳಿಗೆ ತಲೆನೋವು ಶುರುವಾಯಿತು. ಮಾರನೆ ದಿನ ಮೈ ಕೆಂಡವಾಯಿತು, ಕಣ್ಣು ಕೆಂಪಾಯಿತು, ನಡುವೂ ಕಾಲೂ ಯಾರೋ ಜಜ್ಜಿದ ಹಾಗೆ ಎಂದು ನರಳಿದಳು. ಆಸ್ಪತ್ರೆಗೆ ಸೇರಿಸಿದ್ದೇನೆ. ಅವಳ ರಕ್ತವನ್ನು ನಾನೇ ಪರೀಕ್ಷೆ ಮಾಡಿದೆ. ಅನುಮಾನವಿಲ್ಲ. ಮೊನ್ನೆಯಿಂದ ವಸಡಿನಲ್ಲಿ ರಕ್ತ. ಇವತ್ತು ಮೂಗಿನಲ್ಲೂ ಬಂತು.

ನಮ್ಮ ಮುಖ್ಯಸ್ಥರು ಹಿತ್ತಿಲನ್ನು ರಾತ್ರೋರಾತ್ರಿ ಸುಡಿಸಿ ಔಷಧ ಹೊಡೆಸಿದರು. ಗುಂಡಿಯಿಂದ ಮಂಗವನ್ನು ತೆಗೆಸಿದೆ. ಬಿಲ್ಲೆಯ ನಂಬರ್ ನೋಡಿದೆ. ನನ್ನ ಲಸಿಕೆ ಹಾಕಿಸಿಕೊಂಡ ಮಂಗವೇ ಅದು, ಅದೇ ಜ್ವರದಲ್ಲೇ ಸತ್ತಿದೆ. ಮೂರು ವರ್ಷದ ಕೆಲಸ ಪಂಚೆಯಲ್ಲಿ ಸುತ್ತಿಕೊಂಡು ಕೂತಿತ್ತು.

ಅಮ್ಮನಿಗೂ ಅಷ್ಟೇ ಹುಳ ಕಚ್ಚಿದೆಯಲ್ಲ, ಅವಳು ಯಾಕೆ ಗಟ್ಟಿಯಾಗಿದ್ದಾಳೆ ಎಂದು ಅವಳ ರಕ್ತವನ್ನೂ ನೋಡಿದೆ. ಅಕ್ಕ, ಅಮ್ಮನಿಗೆ ಈ ಜ್ವರ ಯಾವಾಗಲೋ ಬಂದು ಹೋಗಿದೆ. ಅಪ್ಪ ತೀರಿಕೊಂಡ ತಿಂಗಳು ಅವಳು ಮಲಗಿದ್ದು ದುಃಖಕ್ಕಲ್ಲ, ಇದಕ್ಕೆ. ಅವಳ ಮೈ ಗೆದ್ದುಕೊಂಡಿತು. ನಾನು ಇಷ್ಟು ವರ್ಷ ಸೀಸೆಗಳಲ್ಲಿ ಹುಡುಕುತ್ತಿದ್ದದ್ದು ಅಡುಗೆಮನೆಯಲ್ಲೇ ಓಡಾಡಿಕೊಂಡಿತ್ತು.

ಅಮ್ಮನ ರಕ್ತ ತೆಗೆದು, ಅದರ ತಿಳಿಯನ್ನು ಸುಮಿತ್ರಳಿಗೆ ಕೊಟ್ಟಿದ್ದೇವೆ. ಪುಸ್ತಕದಲ್ಲಿ ಇಲ್ಲದ ಕೆಲಸ. ಡಾಕ್ಟರು ಬೇಡವೆನ್ನಲಿಲ್ಲ, ಅವರ ಕೈಯಲ್ಲೂ ಬೇರೆ ಏನೂ ಇಲ್ಲ. ಅಮ್ಮ ತೋಳು ಚಾಚಿ, "ಎಷ್ಟ್ ಬೇಕಾದ್ರೂ ತಗೊಳೋ, ನಂಗ್ಯಾಕೆ ಈ ವಯಸ್ಸಲ್ಲಿ" ಎಂದಳು. ಮಂಗನ ಮೈಯ ಹುಳದಿಂದ ಬಂದ ಜ್ವರ ಎಂದು ಮಾತ್ರ ಅವಳಿಗೆ ಹೇಳಿದ್ದೇನೆ. "ಎಲ್ಲಿಂದ ಬಂತೋ ಆ ಮಂಗ" ಎಂದು ಕೇಳಿದಳು. ನರ್ಸ್ ಕರೆದಳೆಂದು ಎದ್ದು ಹೋದೆ.

ಕೃಷ್ಣ


ಕೊಚ್ಚಿ
೧೫ ಫೆಬ್ರವರಿ ೧೯೭೧

ಮುದ್ದು ಸುಮಿತ್ರಾ,

ಜ್ವರ ಬಿಟ್ಟಿದೆ, ಗಂಜಿ ಕುಡಿದಳು, ದಿಂಬಿಗೊರಗಿ ಕೂತಳು ಎಂದು ಕೃಷ್ಣ ಬರೆದ ಕಾರ್ಡು ಸಿಕ್ಕಿದ ಮೇಲೆ ನಾನು ಮನುಷ್ಯಳಾದೆ. ಕಚೇರಿಯಲ್ಲಿ ಎಲ್ಲರಿಗೂ ಬಾಳೆಕಾಯಿ ಚಿಪ್ಸ್ ಹಂಚಿದೆ. ಯಾಕೆಂದು ಕೇಳಿದ್ದಕ್ಕೆ, ನನ್ನ ತಮ್ಮನ ಹೆಂಡತಿ ಗಂಜಿ ಕುಡಿದಳು ಎಂದೆ. ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು.

ಕೃಷ್ಣನದು ಮೊದಲಿನಿಂದಲೂ ಅಳುಮೋರೆ. "ಈ ಜ್ವರ ಒಮ್ಮೆ ಬಿಟ್ಟು ಕೆಲವರಿಗೆ ಮತ್ತೆ ಬರುತ್ತದೆ, ಆಗ ತಲೆಗೆ ಏರುತ್ತದೆ, ಈಗಲೇ ಸಂತೋಷಪಡಬೇಡ" ಎಂದು ಕಾರ್ಡಿನ ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಗೀಚಿದ್ದಾನೆ. ಅವನ ಮಾತು ಕಿವಿಗೆ ಹಾಕಿಕೊಳ್ಳಬೇಡ. ಅಮ್ಮನ ರಕ್ತ ನಿನ್ನ ಮೈಯಲ್ಲಿದೆ. ಅವಳ ಹಟ ನನಗೆ ಗೊತ್ತು, ಹಿಡಿದದ್ದನ್ನು ಬಿಡುವವಳಲ್ಲ.

ನಿನಗೊಂದು ಹಸಿರು ಅಂಚಿನ ಕಸವು ಜರಿಯ ಸೀರೆ ತೆಗೆದಿಟ್ಟಿದ್ದೇನೆ. ನಿನಗೆ ತ್ರಾಣ ಬಂದ ಕೂಡಲೇ ರಜೆ ಹಾಕಿ ನಾನೇ ತರುತ್ತೇನೆ. ನಾಲ್ಕು ಸಾಲು ಉತ್ತರ ಬರೆ. ಆಗದಿದ್ದರೆ ಎರಡು.

ನಿನ್ನ
ವಿಜಯತ್ತಿಗೆ


ಮಟ್ಟಾಂಚೇರಿ
೨೮ ಮಾರ್ಚ್ ೧೯೭೧

ಕೃಷ್ಣ,

ಸುಮಿತ್ರಳ ಕಾರ್ಯ ಮುಗಿಸಿ ಅಮ್ಮನನ್ನು ಇಲ್ಲಿಗೆ ಕರೆತಂದು ಇಷ್ಟು ದಿನವಾಯಿತು. ನಿನ್ನಿಂದ ಒಂದು ಕಾಗದವಿಲ್ಲ. ನಾನೂ ಬರೆಯಲಿಲ್ಲ. ಜ್ವರ ತಿರುಗಿ ಬಂದು ತಲೆಗೇರಿದ ಆ ಕೊನೆಯ ದಿನಗಳಲ್ಲಿ ಅವಳು ನನ್ನ ಗುರುತು ಹಿಡಿಯದೆ, ಕೈ ನಡುಗಿಸುತ್ತ, "ಚೇಚಿ, ಬಾಳೆಗಿಡ, ಬಾಳೆಗಿಡ" ಎಂದು ಅದೊಂದನ್ನೇ ಹೇಳುತ್ತಿದ್ದಳಲ್ಲ, ಅದನ್ನು ಬರೆಯುವುದು ಹೇಗೆ? ಸೀರೆಯನ್ನು ಅವಳಿಗೇ ಉಡಿಸಿದೆ. ಅದು ಕೂಡ ನೀನು ನೋಡಿದ್ದೀಯ.

ಈಗ ಬರೆಯುತ್ತಿರುವುದು ಅಮ್ಮನಿಗಾಗಿ. ಅವಳು ಹನುಮಂತನ ಪಟವನ್ನು ಗೋಡೆಯಿಂದ ತೆಗೆದು ಮಂಚದಡಿ ಇಟ್ಟಿದ್ದಾಳೆ. ಶನಿವಾರದ ದೀಪವಿಲ್ಲ. ನಿನ್ನೆ ಪಕ್ಕದ ಮನೆಯ ಕೊಂಕಣಿ ಹೆಂಗಸು ಮಾತಾಡಿಸಲು ಬಂದರೆ, "ನನ್ನ ಸೊಸೇನ ನಾನೇ ಕೊಂದೆ. ಗುಂಡಿ ತೋಡು ಅಂತ ಗುದ್ದಲಿ ಕೈಗೆ ಕೊಟ್ಟೋಳು ನಾನು. ನಂಗೆ ಕಚ್ಚಿದ್ದು ತಟ್ಲಿಲ್ಲ, ಆ ಮಗೂಗೆ ತಟ್ತು" ಎಂದಳು. ಅಳಲೂ ಇಲ್ಲ. ಅಂಗಡಿಯಿಂದ ತಂದ ಸಾಮಾನು ಹೇಳಿದಂತೆ ಹೇಳಿದಳು.

ಆ ಮಂಗ ಬೀದಿಯದಲ್ಲ, ನಿನ್ನ ಪಂಜರದ್ದು ಎಂದು ಅವಳಿಗೆ ಇನ್ನೂ ಗೊತ್ತಿಲ್ಲ. ಅದಕ್ಕೆ ಜ್ವರ ಬರಿಸಿದವನು ನೀನು, ಓಡಿಹೋದದ್ದನ್ನು ಬಚ್ಚಿಟ್ಟವನು ನೀನು, ಬಚ್ಚಿಡಲು ಹೇಳಿದವಳು ನಾನು. ಅವಳ ಪಾಲಿಗೆ ಬರುವುದು ಒಂದು ಸತ್ತ ಪ್ರಾಣಿಗೆ ತೋರಿದ ಮರ್ಯಾದೆ ಮಾತ್ರ. ನಮ್ಮಿಬ್ಬರ ಪಾಪವನ್ನೆಲ್ಲ ಅವಳೊಬ್ಬಳ ತಲೆಯ ಮೇಲೆ ಹೇರಿ ನೀನು ಹೇಗೆ ನಿದ್ದೆ ಮಾಡುತ್ತೀಯ? ನಾನಂತೂ ಮಾಡುತ್ತಿಲ್ಲ.

ಬಂದು ಹೇಳು. ನೀನೇ ಹೇಳಬೇಕು.

ವಿಜಯಾ


ತಿರುವನಂತಪುರ
೯ ಏಪ್ರಿಲ್ ೧೯೭೧

ಅಕ್ಕ,

ನಿನ್ನ ಕಾಗದ ಓದಿದೆ. ಬರುವುದು ನನ್ನಿಂದಾಗದು. ಎರಡು ಸಲ ರೈಲ್ವೆ ಸ್ಟೇಷನ್ನಿನವರೆಗೆ ಹೋಗಿ ವಾಪಸ್ಸು ಬಂದೆ. ಅಮ್ಮನ ಮುಖ ನೋಡಿ ಆ ಮಾತು ಆಡುವ ಶಕ್ತಿ ನನಗಿಲ್ಲ. ಬೇಕಾದರೆ ನನ್ನನ್ನು ಹೇಡಿ ಎನ್ನು, ಒಪ್ಪಿಕೊಳ್ಳುತ್ತೇನೆ.

ಉಳಿದ ಮಂಗಗಳೂ ಸತ್ತವು, ಲಸಿಕೆ ಹಾಕಿದ್ದೂ ಹಾಕದ್ದೂ ಒಂದೇ ಸಮ. ಊರ ಕಡೆಯಿಂದ ಬಂದ ವರದಿ ಮೇಜಿನ ಮೇಲಿದೆ. ಈ ಬೇಸಿಗೆಯಲ್ಲಿ ಹೊಸ ಹಳ್ಳಿಗಳಿಗೂ ಜ್ವರ ಹಬ್ಬಿದೆಯಂತೆ. ಸೌದೆಗೆ ಹೋದವರು, ದನ ಕಾಯುವವರು, ಒಂದೇ ಮನೆಯ ತಾಯಿ ಮಕ್ಕಳು. ಓದುತ್ತೇನೆ, ಮಡಚಿಡುತ್ತೇನೆ. ಮತ್ತೆ ಮೊದಲಿನಿಂದ ಶುರುಮಾಡಬೇಕು. ಯಾಕೆ ಮಾಡಬೇಕೋ ಗೊತ್ತಿಲ್ಲ, ಬೇರೇನು ಮಾಡಬೇಕೆಂಬುದೂ ಗೊತ್ತಿಲ್ಲ.

ಇದನ್ನು ಕೇಳಲು ನಾಚಿಕೆಯಾಗುತ್ತದೆ. ಕೇಳದೆ ವಿಧಿಯಿಲ್ಲ. ಹೊಸ ಲಸಿಕೆಗೆ ಬಲ ಇದೆಯೋ ಇಲ್ಲವೋ ಎಂದು ತಾಳೆ ನೋಡಲು, ಈ ಜ್ವರವನ್ನು ಗೆದ್ದ ಮೈಯ ರಕ್ತ ಬೇಕು. ಅಮ್ಮನ ರಕ್ತದಷ್ಟು ಗಟ್ಟಿಯಾದದ್ದು ನನಗೆ ಎಲ್ಲೂ ಸಿಕ್ಕಿಲ್ಲ. ಅಲ್ಲಿಯ ಯಾವುದಾದರೂ ಆಸ್ಪತ್ರೆಯಲ್ಲಿ ತೆಗೆಸಿ ಮಂಜುಗಡ್ಡೆಯಲ್ಲಿಟ್ಟು ಕಳಿಸಲಾದೀತೇ? ಕಾರಣ ಏನಾದರೂ ಹೇಳು. ಸಕ್ಕರೆ ಕಾಯಿಲೆಯ ಪರೀಕ್ಷೆ ಎನ್ನು.

ಕೃಷ್ಣಾನಂದ


ಕೊಚ್ಚಿ
೨೫ ಏಪ್ರಿಲ್ ೧೯೭೧

ಚಿ. ಕೃಷ್ಣಾನಂದನಿಗೆ,

ನಾನು ಕಾಗದ ಬರೆದು ಬಹಳ ವರ್ಷವಾಯಿತು. ಅಕ್ಷರ ಸೊಟ್ಟಗಿದೆ, ನಿಧಾನವಾಗಿ ಓದಿಕೋ. ವಿಜಯಾ ಬರೆದುಕೊಡುತ್ತೇನೆ ಎಂದಳು, ನಾನು ಬೇಡವೆಂದೆ.

ಸಕ್ಕರೆ ಕಾಯಿಲೆಗೆ ರಕ್ತ ಕೊಡಬೇಕು ಎಂದು ಹೇಳಲು ಬಂದವಳು ಹೇಳಲಾರದೆ ಅತ್ತುಬಿಟ್ಟಳು. ಆಮೇಲೆ ಎಲ್ಲ ಹೇಳಿದಳು. ತನ್ನದನ್ನೂ ಹೇಳಿದಳು. ನಾನು ಅವಳನ್ನು ಬೈಯಲಿಲ್ಲ.

ನೀನು ಮಂಗಗಳನ್ನು ಇಟ್ಟುಕೊಂಡಿದ್ದೆ ಎಂದು ನನಗೆ ಸಿಟ್ಟಿಲ್ಲ. ನೀನು ಹೇಳಿದ್ದರೆ ಜಗಳ ಮಾಡುತ್ತಿದ್ದೆ, ಎರಡು ದಿನ ಊಟ ಬಿಡುತ್ತಿದ್ದೆ. ಆಮೇಲೆ ನಿಮ್ಮಪ್ಪ ಸತ್ತದ್ದು ನೆನೆಸಿಕೊಂಡು ಸುಮ್ಮನಾಗುತ್ತಿದ್ದೆ. ಆ ಜ್ವರ ಎಂಥದ್ದು ಎಂದು ನೀನು ನೋಡಿದ್ದಕ್ಕಿಂತ ನಾನು ಹೆಚ್ಚು ನೋಡಿದ್ದೇನೆ.

ಆಸ್ಪತ್ರೆಯಲ್ಲಿ ಆ ಮಂಗ ಎಲ್ಲಿಂದ ಬಂತು ಎಂದು ನಿನ್ನನ್ನು ಎಷ್ಟು ಸಲ ಕೇಳಿದೆ. ನೀನು ಎದ್ದು ಹೋದೆ. ಅವಳನ್ನು ಮಣ್ಣು ಮಾಡಿ ಬಂದ ದಿನ, ನಾನೇ ಕೊಂದೆ ಎಂದು ತಲೆ ಚಚ್ಚಿಕೊಳ್ಳುತ್ತಿದ್ದಾಗ ನನ್ನ ಕೈ ಹಿಡಿದುಕೊಂಡು, ನಿನ್ನ ತಪ್ಪಲ್ಲ ಅಮ್ಮ ಎಂದೆ. ಯಾರದು ಎಂದು ಹೇಳಲಿಲ್ಲ. ಆಮೇಲೆ ನನ್ನನ್ನು ರೈಲು ಹತ್ತಿಸಿ ಕಿಟಕಿಯಲ್ಲಿ ಕಿತ್ತಳೆ ಹಣ್ಣು ಕೊಟ್ಟೆ. ಆ ಮಗುವನ್ನು ತಿಂದವಳು ನಾನು ಎಂದುಕೊಂಡು ಇಷ್ಟು ದಿನ ಉಸಿರಾಡಿದ್ದೇನೆ. ಇದು ನಿನಗೆ ತಿಳಿದಿತ್ತು.

ರಕ್ತ ಎಷ್ಟು ಬೇಕೋ ಅಷ್ಟು ತೆಗೆದುಕೊಂಡು ಹೋಗು. ಯಾರ ಮನೆಯ ಸೊಸೆಗಾದರೂ ಆದೀತು. ಆಸ್ಪತ್ರೆಗೆ ಹೋಗಿ ಕೊಡಲಾರೆ, ಮಂಜುಗಡ್ಡೆಯಲ್ಲಿ ಕಳಿಸಲೂ ಒಪ್ಪಲಾರೆ. ನೀನೇ ಬಂದು ನಿನ್ನ ಕೈಯಿಂದ ತೆಗೆಯಬೇಕು. ಭಾನುವಾರ ವಿಜಯಾ ಮನೆಯಲ್ಲಿರುತ್ತಾಳೆ, ಬಾ. ತೋಳು ಕೊಡುತ್ತೇನೆ.

ತಾಯಿಯಾದವಳು ಬರೆಯುವ ಮಾತಲ್ಲ ಇದು, ಆದರೂ ಬರೆಯುತ್ತಿದ್ದೇನೆ. ನಿನಗೆ ಎಲೆ ಹಾಕಿ ಬಡಿಸುವುದು ಇನ್ನು ನನ್ನಿಂದಾಗದು. ಬರುವಾಗ ಹೊರಗೆ ಊಟ ಮುಗಿಸಿಕೊಂಡು ಬಾ.

ಕುಸುಮಾವತಿ